ಕ್ಲೇಮ್ ಮಾಡಿದ್ದು, ಕೈಯಿಂದ ಕೊಟ್ಟಿದ್ದು, ಬೋನಸ್ ಕಾಪಾಡಿಕೊಂಡಿದ್ದು: ನಮ್ಮ ಮನೆಯ ಎರಡು ಕಾರಿನ ಲೆಕ್ಕ

2021ರ ಮಾರ್ಚ್. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ರಿವರ್ಸ್ ತೆಗೆಯುವಾಗ ಹಿಂದಿನ ಬಂಪರ್ ಕಂಬಕ್ಕೆ ತಾಗಿ ಸೀಳಿತು. ಕಂಬ ಹೊಸದೇನಲ್ಲ, ನಾವು ಮನೆಗೆ ಬರುವ ಮೊದಲಿಂದಲೂ ಅಲ್ಲೇ ಇತ್ತು. ಸರ್ವೀಸ್ ಸೆಂಟರಿನ ಹುಡುಗ, "ಇನ್ಶೂರೆನ್ಸ್ ಇದೆಯಲ್ಲ ಸಾರ್, ಯಾಕೆ ಕೈಯಿಂದ ಕೊಡ್ತೀರಿ?" ಅಂದ. ಹೌದಲ್ವಾ ಅಂತ ಕ್ಲೇಮ್ ಫಾರಂಗೆ ಸಹಿ ಹಾಕಿದೆ.

ಬಿಲ್ಲು ಹೀಗಿತ್ತು: ಬಂಪರ್ 4,200, ಪೇಂಟಿಂಗ್ 5,000, ಕೂಲಿ 2,000, ಕ್ಲಿಪ್ಪು ಸ್ಕ್ರೂ ಎಲ್ಲ ಸೇರಿ 300. ಒಟ್ಟು 11,500. ಎಲ್ಲವನ್ನೂ ಇನ್ಶೂರೆನ್ಸ್ ಕಂಪನಿಯೇ ಕೊಡುತ್ತದೆ ಅಂದುಕೊಂಡಿದ್ದೆ. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ (ಬಳಸಿ ಹಳೆಯದಾಗಿದೆ ಅಂತ ಬೆಲೆ ಇಳಿಸುವುದು) ಕಡಿತ, ಅಂದರೆ 2,100 ನನ್ನ ಮೇಲೆ. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗ ಬಣ್ಣದ ಬೆಲೆ ಅಂತ ಹಿಡಿದು ಅದರಲ್ಲೂ ಅರ್ಧ ಕಡಿತ, 625. 1,500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ನಾವೇ ಕೊಡಬೇಕಾದ 1,000. ಕ್ಲಿಪ್ಪುಗಳ 300 ಕೂಡ ನನ್ನದೇ. ಕೈಯಿಂದ ಹೋದದ್ದು 4,025, ಕಂಪನಿ ಕೊಟ್ಟದ್ದು 7,475. ಸರಿ, ಲಾಭವೇ ಅಂದುಕೊಂಡು ಮನೆಗೆ ಬಂದೆ.

ಜುಲೈನಲ್ಲಿ ರಿನ್ಯೂವಲ್ ಕಾಗದ ಬಂದಾಗ ಆ ಒಂದೇ ಕ್ಲೇಮಿನ ಬೆಲೆ ಎಷ್ಟು ಅಂತ ಗೊತ್ತಾಯಿತು. ಒಂದೂ ಕ್ಲೇಮ್ ಇಲ್ಲದ ವರ್ಷಗಳು ಸೇರುತ್ತಾ ಹೋದಂತೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂ ಮೇಲೆ ಸಿಗುವ ರಿಯಾಯಿತಿ, 20, 25, 35, 45, 50 ಶೇಕಡಾ ಹೀಗೆ ಮೆಟ್ಟಿಲು ಹತ್ತುತ್ತದೆ. ಕಾರು 2017ರದ್ದು, ಆ ಜುಲೈಗೆ ನನಗೆ 45 ಸಿಗಬೇಕಿತ್ತು. ಕ್ಲೇಮ್ ಮಾಡಿದ ತಪ್ಪಿಗೆ ಸೀದಾ ಸೊನ್ನೆ. ಈ ಬೋನಸ್ ಕಳೆಯುವುದು ಸ್ವಂತ ಹಾನಿ ಭಾಗದ (ನಮ್ಮ ಕಾರಿಗೇ ಆಗುವ ಪೆಟ್ಟಿನ) ಪ್ರೀಮಿಯಂನಲ್ಲಿ, ನನ್ನದು 9,000 ಇತ್ತು. ಅಲ್ಲಿಗೆ 4,050 ಹೋಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡದ್ದೇ ನನ್ನ ಎರಡನೇ ತಪ್ಪು. ಮರುವರ್ಷ 50 ಇರಬೇಕಾದ ಕಡೆ 20 ಸಿಕ್ಕಿತು, ಹೆಚ್ಚಿಗೆ ಕೊಟ್ಟದ್ದು 2,520 (ಕಾರಿನ ಬೆಲೆ ಇಳಿದಂತೆ 9,000ದ ಪ್ರೀಮಿಯಂ ಕೂಡ ಇಳಿಯುತ್ತಿತ್ತು). 2023ರಲ್ಲಿ 1,950, 2024ರಲ್ಲಿ 1,095, 2025ರಲ್ಲಿ 345. ಒಂದು ಬಂಪರಿನ ಬಾಕಿ ತೀರಲು ಐದು ವರ್ಷ. ಕೂಡಿದರೆ 9,960, ಅದರ ಮೇಲೆ ಶೇ. 18 ಜಿಎಸ್‌ಟಿ ಹಾಕಿದರೆ 11,750ರ ಹತ್ತಿರ. 7,475 ತಗೊಂಡು 11,750 ತೆತ್ತಿದ್ದೇನೆ.

ಥರ್ಡ್ ಪಾರ್ಟಿ ಭಾಗಕ್ಕೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ಭಾಗಕ್ಕೆ, ಈ ಯಾವ ಗೊಡವೆಯೂ ಇಲ್ಲ. ನನ್ನ ಕಾರಿನ ವರ್ಗಕ್ಕೆ 2022ರ ಜೂನಿನಲ್ಲಿ ನಿಗದಿಯಾದದ್ದು 3,416. ಕ್ಲೇಮ್ ಮಾಡಿದವನಿಗೂ ಮಾಡದವನಿಗೂ ಒಂದೇ ರೇಟು.

ಇನ್ನೊಂದು ದಾರಿ, ಕ್ಲೇಮ್ ಮಾಡದೆ ಕೈಯಿಂದ ಕೊಡುವುದು, ನೋಡಿದ್ದು 2023ರ ಅಕ್ಟೋಬರಿನಲ್ಲಿ. ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ನಿಲ್ಲಿಸಿದ್ದ ಅದೇ ಕಾರಿನ ಎಡ ಬಾಗಿಲನ್ನು ಯಾರೋ ಸ್ಕೂಟರಿನ ಹ್ಯಾಂಡಲ್‌ನಿಂದ ಗೀಚಿ ಹೋಗಿದ್ದರು. ಸರ್ವೀಸ್ ಸೆಂಟರ್ 7,000 ಅಂದಿತು. ಯಶವಂತಪುರದ ಕಡೆ ಒಂದು ಟಿಂಕರಿಂಗ್ ಶೆಡ್ಡಿನವರು 3,800ಕ್ಕೆ ಮಾಡಿಕೊಟ್ಟರು. ಕಂಪನಿಯ ಕಡೆಯಿಂದ ಹಾನಿ ನೋಡುವ ಸರ್ವೇಯರ್ ಬರುವವರೆಗೆ ಕಾಯುವ ಕೆಲಸ ಇಲ್ಲ, ಕಾರು ಎರಡೇ ದಿನಕ್ಕೆ ಕೈಗೆ ಬಂತು. ಆದರೆ ಬಣ್ಣ! ಮೋಡ ಇದ್ದ ದಿನ ಗೊತ್ತಾಗುವುದಿಲ್ಲ. ಬಿಸಿಲಿಗೆ ನಿಲ್ಲಿಸಿದರೆ ಮುಂದಿನ ಬಾಗಿಲು ಹಾಲಿನ ಬಿಳಿ, ಹಿಂದಿನದು ಮಜ್ಜಿಗೆ ಬಿಳಿ. ನನಗೆ ಅಡ್ಡಿಯಿಲ್ಲ, ನನ್ನ ಹೆಂಡತಿಗೆ ಈಗಲೂ ಬೇಜಾರು. ಬೋನಸ್ ಮಾತ್ರ ಮೆಟ್ಟಿಲು ಬಿಟ್ಟು ಇಳಿಯಲಿಲ್ಲ.

ಮೂರನೆಯ ದಾರಿ ನೋಡಿದ್ದು ಅವಳ ಕಾರಿನಲ್ಲಿ, ಅದು 2022ರದ್ದು. ಅದಕ್ಕೆ ಝೀರೋ ಡೆಪ್ (ಸವಕಳಿ ಕಡಿತ ಇಲ್ಲದ ಪಾಲಿಸಿ) ಜೊತೆಗೆ ಬೋನಸ್ ಕಾಪಾಡುವ ಆಡ್-ಆನ್ (ಹೆಚ್ಚುವರಿ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ) ಕೂಡ ತಗೊಂಡಿದ್ದೆವು, ಈ ಆಡ್-ಆನ್‌ಗೆ ವರ್ಷಕ್ಕೆ 600. 2024ರ ನವೆಂಬರಿನಲ್ಲಿ ಹಾಸನಕ್ಕೆ ಹೋಗುವಾಗ ಕುಣಿಗಲ್ ದಾಟಿದ ಮೇಲೆ ಮುಂದಿನ ಟಿಪ್ಪರಿನಿಂದ ಸಿಡಿದ ಜಲ್ಲಿ ಗಾಜಿಗೆ ಬಡಿಯಿತು. ಮೊದಲು ಕಡಲೆಕಾಳಿನಷ್ಟು ಗುರುತು. ಹಾಸನ ತಲುಪುವ ಹೊತ್ತಿಗೆ ಗಾಜಿನ ಉದ್ದಕ್ಕೂ ಬಿರುಕು. ಹೊಸ ಗಾಜಿಗೆ 13,500. ನಾವು ಕೊಟ್ಟದ್ದು 1,000, ಮತ್ತೆ ಅಂಟಿಸುವ ಸೀಲೆಂಟಿಗೆ 600. ಗಾಜಿಗೆ ಹೇಗೂ ಸವಕಳಿ ಕಡಿತ ಇಲ್ಲ, ಹಾಗಾಗಿ ಝೀರೋ ಡೆಪ್ ಇಲ್ಲಿ ಏನೂ ಕೆಲಸ ಮಾಡಲಿಲ್ಲ. ಕೆಲಸ ಮಾಡಿದ್ದು 600ರ ಆಡ್-ಆನ್.

ಮಾಡಿತು ನಿಜ, ಅರ್ಧಂಬರ್ಧ. 2025ರ ರಿನ್ಯೂವಲ್‌ನಲ್ಲಿ ಬೋನಸ್ ಸೊನ್ನೆಗೆ ಬೀಳಲಿಲ್ಲ, ಆದರೆ 35ಕ್ಕೂ ಹತ್ತಲಿಲ್ಲ, ಇದ್ದ 25ರಲ್ಲೇ ನಿಂತಿತು. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಬೋನಸ್ ಕಳೆಯುವ ಮೊದಲಿನ ಪ್ರೀಮಿಯಂ ಹಿಂದಿನ ವರ್ಷ 10,400 ಇದ್ದದ್ದು 11,900 ಆಗಿತ್ತು, ಕಾರಿನ ಬೆಲೆ ಇಳಿದಿದ್ದರೂ! 2007ರಿಂದ ಸ್ವಂತ ಹಾನಿ ಭಾಗದ ದರವನ್ನು ಕಂಪನಿಗಳೇ ನಿಗದಿ ಮಾಡುತ್ತವೆ. ಆಡ್-ಆನ್ ಕಾಪಾಡುವುದು ಬೋನಸ್ಸನ್ನು ಮಾತ್ರ, ಪ್ರೀಮಿಯಂ ಅನ್ನಲ್ಲ. ಬೇರೆ ಕಂಪನಿ ನೋಡೋಣ ಅಂತ ಹೋದರೆ ಮೊದಲ ಪ್ರಶ್ನೆಯೇ "ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ?" ಹೌದು ಅಂದ ತಕ್ಷಣ ಅಲ್ಲಿ ಬೋನಸ್ ಸೊನ್ನೆ. "ಇಲ್ಲ ಅಂತ ಟಿಕ್ ಮಾಡಿ, ಯಾರು ನೋಡ್ತಾರೆ" ಅಂದ ಏಜೆಂಟರೂ ಸಿಕ್ಕರು. ಹಳೇ ಕಂಪನಿಗೆ ಒಂದು ಮೇಲ್ ಹಾಕಿದರೆ ಹೊರಬೀಳುವ ಸುಳ್ಳು ಅದು. ಮುಂದೆ ದೊಡ್ಡ ಕ್ಲೇಮ್ ಬಂದಾಗ ಕೈ ಕೊಡುತ್ತದೆ. ಬೇಡವೇ ಬೇಡ.

ಟ್ರಾಫಿಕ್ ದಂಡ ಬಿದ್ದರೂ ಪ್ರೀಮಿಯಂ ಏರುತ್ತದಾ ಅಂತ ಕೇಳುವವರಿದ್ದಾರೆ. ನನ್ನ ತಮ್ಮ ಇರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿ ಸ್ಪೀಡಿಂಗ್ ಟಿಕೆಟ್ ಬಿದ್ದರೆ ಇನ್ಶೂರೆನ್ಸ್ ಏರುತ್ತದೆ ಅಂತ ಹೆದರಿ ಓಡಿಸುತ್ತಾನೆ. ಇಲ್ಲಿ 2021ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಸಮಿತಿಯೊಂದು ಸಂಚಾರ ತಪ್ಪುಗಳಿಗೂ ಪ್ರೀಮಿಯಂ ಸೇರಿಸಿ ಅಂತ ಶಿಫಾರಸು ಮಾಡಿತ್ತು. ನನ್ನ ಬಿಲ್ಲಿನಲ್ಲಿ ಅದು ಇನ್ನೂ ಕಂಡಿಲ್ಲ. 2023ರ ಫೆಬ್ರವರಿಯಲ್ಲಿ ದಂಡಕ್ಕೆ ಅರ್ಧ ರಿಯಾಯಿತಿ ಬಿಟ್ಟಾಗ ನನ್ನ ಮೂರು ಸಿಗ್ನಲ್ ಜಂಪ್ ತೀರಿಸಿದೆ. ಆ ಜುಲೈನ ಪ್ರೀಮಿಯಂಗೆ ಅದರ ಸುಳಿವೂ ಇರಲಿಲ್ಲ.

ಈಗ ನನ್ನ ಲೆಕ್ಕ ಹೀಗಿದೆ. ಬೋನಸ್ 45 ಅಥವಾ 50 ಇದ್ದಾಗ, ಕಡಿತ ಎಲ್ಲ ಹೋಗಿ ಕಂಪನಿಯಿಂದ 12,000ಕ್ಕಿಂತ ಜಾಸ್ತಿ ಬರದಿದ್ದರೆ ಶೆಡ್ಡೇ ವಾಸಿ. ಬೋನಸ್ ಸೊನ್ನೆ ಅಥವಾ 20 ಇದ್ದಾಗ ಕಳೆದುಕೊಳ್ಳುವುದೇ ಕಡಿಮೆ, ಅದಕ್ಕಿಂತ ಸಣ್ಣದಕ್ಕೂ ಕ್ಲೇಮ್ ಮಾಡಬಹುದು. ಒಂದು ಪಾಲಿಸಿ ವರ್ಷದಲ್ಲಿ ಒಮ್ಮೆ ಕ್ಲೇಮ್ ಆಗಿಹೋದರೆ ಬೋನಸ್ ಮತ್ತೆ ಕೆಳಗೆ ಇಳಿಯಲು ಜಾಗವೇ ಇಲ್ಲ. 2021ರ ಮೇ ತಿಂಗಳಲ್ಲಿ ಡಿಕ್ಕಿಯ ಬಾಗಿಲಿಗೆ ಇನ್ನೊಂದು ಪೆಟ್ಟು ಬಿದ್ದಿತ್ತು. "ಮತ್ತೆ ಕ್ಲೇಮ್ ಮಾಡಿದರೆ ಬೋನಸ್ ಹೋಗುತ್ತೆ" ಅಂತ ಸುಮ್ನೆ ಬಿಟ್ಟೆ. ಹೋಗಲು ಏನಿತ್ತು? ಆ ತಗ್ಗು ಇವತ್ತಿಗೂ ಹಾಗೇ ಇದೆ.

2026ರ ಜುಲೈಗೆ ಬೋನಸ್ 50 ಮುಟ್ಟುವ ಲೆಕ್ಕ. ಬೇಸ್‌ಮೆಂಟಿನ ಕಂಬಕ್ಕೆ ಹಳೇ ಟೈರಿನ ತುಂಡು ಕಟ್ಟಿಸಿದ್ದೇನೆ, 150 ರೂಪಾಯಿ.