ಮಾತೃಪೂರ್ಣದ ಊಟ: ಬಾಣಂತಿಯ ತಟ್ಟೆಯಿಂದ ಮಗುವಿನ ಮಿದುಳಿಗೆ ಏನೇನು ತಲುಪುತ್ತದೆ?

ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂತು. ತಿಂಗಳಿಗೆ 25 ದಿನ, ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಈ ಊಟ ಸಿಗುತ್ತದೆ. ತಂಗಿ ಬಾಣಂತನಕ್ಕೆಂದು ತುಮಕೂರು ಜಿಲ್ಲೆಯ ನಮ್ಮೂರಿಗೆ ಬಂದಿದ್ದಾಗ ಅವಳೊಂದಿಗೆ ಅಂಗನವಾಡಿಗೆ ಹೋಗಿ ಬರುತ್ತಿದ್ದ ನಾನು, ರುಚಿ ಶುಚಿಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಇಟ್ಟುಕೊಂಡು ಆ ತಟ್ಟೆಯನ್ನು ನೋಡಿದೆ. ತಾಯಿ ಉಂಡದ್ದರಲ್ಲಿ ಎದೆಹಾಲಿನ ಮೂಲಕ ಕೂಸಿನ ಮಿದುಳಿಗೆ ತಲುಪುವುದು ಯಾವುದು, ಅದು ಇಲ್ಲಿ ಎಷ್ಟಿದೆ ಎಂಬುದೇ ಆ ಪ್ರಶ್ನೆ.

ಮೊದಲು ಊಟದ ವಿಚಾರ. ಅನ್ನ, ತೊಗರಿಬೇಳೆಗೆ ನುಗ್ಗೆಸೊಪ್ಪು ಹಾಕಿದ ಸಾಂಬಾರ್, ಬೇಯಿಸಿ ಸುಲಿದ ಒಂದು ಮೊಟ್ಟೆ, ಕಡಲೆಕಾಯಿ ಬೀಜ ಮತ್ತು ಬೆಲ್ಲದ ಚಿಕ್ಕಿ, ಲೋಟದಲ್ಲಿ 200 ಮಿಲಿಲೀಟರ್ ಹಾಲು. ಸಹಾಯಕಿ ಸೌಟನ್ನು ತಳಕ್ಕೆ ಇಳಿಸಿ ಬೇಳೆ ಎತ್ತಿ ಬಡಿಸುತ್ತಿದ್ದರು, ಆದ್ದರಿಂದ ಸಾಂಬಾರ್ ಗಟ್ಟಿಯಾಗಿಯೇ ಇರುತ್ತಿತ್ತು. ಅನ್ನ ಕೆಲವು ದಿನ ಮುದ್ದೆಯಾಗಿರುತ್ತಿತ್ತು. ಚಿಕ್ಕಿ ಮಾತ್ರ ಯಾವಾಗಲೂ ಚೆನ್ನಾಗಿತ್ತು.

ಹುಟ್ಟಿದಾಗ ವಯಸ್ಕರ ಮಿದುಳಿನ ತೂಕದ ಸುಮಾರು ಕಾಲು ಭಾಗದಷ್ಟಿರುವ ಮಗುವಿನ ಮಿದುಳು ಎರಡು ವರ್ಷ ತುಂಬುವಷ್ಟರಲ್ಲಿ ಮುಕ್ಕಾಲು ಭಾಗವನ್ನೂ ದಾಟುತ್ತದೆ, ಮತ್ತು ಮೊದಲ ಆರು ತಿಂಗಳು ಆ ಬೆಳವಣಿಗೆಗೆ ಬೇಕಾದುದೆಲ್ಲ ಬಹುಮಟ್ಟಿಗೆ ಎದೆಹಾಲಿನಿಂದಲೇ ಬರಬೇಕು. ಆದರೆ ತಾಯಿ ತಿಂದದ್ದೆಲ್ಲ ಹಾಲಿನಲ್ಲಿ ಒಂದೇ ರೀತಿ ಕಾಣಿಸಿಕೊಳ್ಳುವುದಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಅವಳ ಊಟ ಹೇಗೇ ಇದ್ದರೂ ಹಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಕ್ಯಾಲ್ಸಿಯಂ ಸಾಲದಿದ್ದರೆ ದೇಹ ಅವಳ ಎಲುಬಿನಿಂದಲೇ ಅದನ್ನು ತೆಗೆದು ಹಾಲಿಗೆ ಸೇರಿಸುತ್ತದೆ. ಹಾಗಾಗಿ ಬಾಣಂತಿಗೆ ಕೊಡುವ ಕಬ್ಬಿಣದ ಮಾತ್ರೆ ಅವಳ ರಕ್ತಕ್ಕೆ ಅತ್ಯಗತ್ಯ, ಹಾಲಿಗೆ ಅಷ್ಟಾಗಿ ಅಲ್ಲ. ಅಯೋಡಿನ್, ಬಿ1 (ಥಯಾಮಿನ್) ಮತ್ತು ಬಿ12 ವಿಟಮಿನ್‌ಗಳು, ಕೋಲಿನ್ ಎಂಬ ಪೋಷಕಾಂಶ, ಮೀನಿನಲ್ಲಿರುವ ಡಿಎಚ್‌ಎ ಎಂಬ ಕೊಬ್ಬು ಇವುಗಳ ಲೆಕ್ಕವೇ ಬೇರೆ. ಇವು ತಾಯಿಯ ಊಟದಲ್ಲಿ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆಯಾಗುತ್ತವೆ, ಮತ್ತು ನರಗಳ ಹೊದಿಕೆಯಿಂದ ಹಿಡಿದು ಮಾತಿನ ಕಲಿಕೆಯವರೆಗೆ ಮಿದುಳಿಗೆ ಇವುಗಳಿಂದ ಆಗಬೇಕಾದ ಕೆಲಸ ಬಹಳವಿದೆ.

ಈ ಊಟದ ದೊಡ್ಡ ಗುಣವೆಂದರೆ ಅದು ನಮ್ಮ ಪಥ್ಯವನ್ನು ಮೆಲ್ಲಗೆ ಮುರಿಯುತ್ತದೆ. ಅನೇಕ ಮನೆಗಳಲ್ಲಿ ಬಾಣಂತಿಗೆ ಬೇಳೆ ವಾಯು, ಸೊಪ್ಪು ಶೀತ, ಮೊಟ್ಟೆ ಉಷ್ಣ ಎಂದು ಎಲ್ಲವನ್ನೂ ಬಿಡಿಸಿ ಬೆಳ್ಳನೆಯ ಅನ್ನ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ ಇಷ್ಟರಲ್ಲೇ ತಿಂಗಳುಗಟ್ಟಲೆ ಇರಿಸುವುದುಂಟು. ಪಾಲಿಶ್ ಮಾಡಿದ ಅಕ್ಕಿಯನ್ನು ಮೂರ್ನಾಲ್ಕು ಬಾರಿ ತೊಳೆದು, ಗಂಜಿ ಬಸಿದು ಮಾಡಿದ ಅನ್ನದಲ್ಲಿ ಥಯಾಮಿನ್ ಉಳಿಯುವುದು ಅತ್ಯಲ್ಪ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು, ಎದೆಹಾಲನ್ನಷ್ಟೇ ಕುಡಿಯುತ್ತಿದ್ದು ಶ್ವಾಸಕೋಶದ ರಕ್ತದೊತ್ತಡ ಏರಿ ಏದುಸಿರು ಬಿಡುತ್ತ ಬಂದ ಕೂಸುಗಳು ಥಯಾಮಿನ್ ಕೊಟ್ಟೊಡನೆ ಚೇತರಿಸಿಕೊಂಡದ್ದನ್ನು 2021ರಲ್ಲಿ ಪ್ರಕಟಿಸಿದ್ದಾರೆ. ಮಿದುಳಿನ ಮಟ್ಟಿಗೆ ಇದರ ಪಾಠ ಇಸ್ರೇಲಿನಿಂದ ಬಂದಿದೆ: 2003ರಲ್ಲಿ ಅಲ್ಲಿ ಥಯಾಮಿನ್ ಇಲ್ಲದ ಸೋಯಾ ಹಾಲಿನ ಪುಡಿ ಕುಡಿದ ಶಿಶುಗಳಲ್ಲಿ, ಆಗ ಆರೋಗ್ಯವಾಗಿಯೇ ಕಂಡಿದ್ದ ಹಲವರಿಗೂ, ಐದಾರು ವರ್ಷದ ಹೊತ್ತಿಗೆ ಮಾತು ಮತ್ತು ವಾಕ್ಯರಚನೆಯಲ್ಲಿ ತೊಡಕು ಕಾಣಿಸಿತು. ಬೇಳೆ, ಕಡಲೆಕಾಯಿ, ಸೊಪ್ಪು ಇರುವ ಅಂಗನವಾಡಿಯ ತಟ್ಟೆ ಇದಕ್ಕೆ ನೇರವಾದ ಪರಿಹಾರವಾಗಿದೆ. ವೈದ್ಯರು ಹೇಳಿದರೂ ಕೇಳದ ಅಜ್ಜಿಯರು ಸರ್ಕಾರದ ಊಟವೆಂದರೆ ಒಪ್ಪಿಬಿಡುವುದನ್ನು ಕಂಡಿದ್ದೇನೆ.

ಮೊಟ್ಟೆಯ ಬಗ್ಗೆ ನನಗೆ ವಿಶೇಷ ಗೌರವವಿದೆ. ಒಂದು ಮೊಟ್ಟೆಯಲ್ಲಿ ನೂರು ಮಿಲಿಗ್ರಾಂಗಿಂತ ಹೆಚ್ಚು ಕೋಲಿನ್ ಇದೆ, ಜೊತೆಗೆ ಬಿ12 ಕೂಡ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಗರ್ಭಿಣಿಯರಿಗೆ ಹೆರಿಗೆಯ ನಂತರದ ಆರು ವಾರಗಳವರೆಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟು ನಡೆಸಿದ ಪ್ರಯೋಗದಲ್ಲಿ ಅವರ ಎದೆಹಾಲಿನ ಬಿ12 ಏರಿತು. ಒಂಬತ್ತು ತಿಂಗಳಲ್ಲಿ ಮಕ್ಕಳ ಬೆಳವಣಿಗೆಯ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂವತ್ತು ತಿಂಗಳ ಹೊತ್ತಿಗೆ, ಮಾತಿನಲ್ಲಿ ತನ್ನನ್ನು ವ್ಯಕ್ತಪಡಿಸುವ ಸಾಮರ್ಥ್ಯದಲ್ಲಿ ಬಿ12 ಪಡೆದ ತಾಯಂದಿರ ಮಕ್ಕಳು ಮುಂದಿದ್ದರು. ಇದನ್ನು ಹಿಗ್ಗಿಸಿ ಹೇಳಬಾರದು, ಕಡೆಗಣಿಸಲೂಬಾರದು.

ನನ್ನ ಮುಖ್ಯ ಆಕ್ಷೇಪವೂ ಇಲ್ಲಿಯೇ ಇದೆ. ಮೊಟ್ಟೆ ತಿನ್ನದವರಿಗೆ ಬದಲಾಗಿ ಕೊಡುವುದು ಮೊಳಕೆ ಕಾಳು. ಪ್ರೋಟೀನ್ ಲೆಕ್ಕಕ್ಕೆ ಅದು ಸರಿಯಾದರೂ ಮೊಳಕೆ ಕಾಳಿನಲ್ಲಿ ಬಿ12 ಇಲ್ಲವೇ ಇಲ್ಲ, ಮತ್ತು ಬಿ12 ಕೊರತೆ ಹೆಚ್ಚಾಗಿರುವುದು ಮೊಟ್ಟೆ, ಮಾಂಸ ಮುಟ್ಟದ ಈ ತಾಯಂದಿರಲ್ಲಿಯೇ. ತೀವ್ರ ಕೊರತೆಯಿರುವ ತಾಯಿಯ ಹಾಲನ್ನಷ್ಟೇ ಕುಡಿದ ಕೂಸು ನಗುವುದನ್ನೂ ಕತ್ತು ನಿಲ್ಲಿಸುವುದನ್ನೂ ಮರೆತು, ಕೈಕಾಲು ನಡುಗಿಸುತ್ತ ಆಸ್ಪತ್ರೆ ಸೇರುವ ಪ್ರಸಂಗಗಳನ್ನು ನಮ್ಮ ದೇಶದ ಮಕ್ಕಳ ವೈದ್ಯರು ದಶಕಗಳಿಂದ ನೋಡುತ್ತಿದ್ದಾರೆ. ತಟ್ಟೆಯ ಜೊತೆಗಿನ ಆ ಒಂದು ಲೋಟ ಹಾಲು ತಾಯಿಯ ದಿನದ ಬಿ12 ಅಗತ್ಯದ ಮೂರನೇ ಒಂದು ಭಾಗದಷ್ಟನ್ನು ಒದಗಿಸಬಹುದು. ಉಳಿದದ್ದಕ್ಕೆ ಇನ್ನೊಂದು ಲೋಟ ಹಾಲು, ಗಟ್ಟಿ ಮೊಸರು, ಇಲ್ಲವೇ ವೈದ್ಯರು ಬರೆದುಕೊಡುವ ಬಿ12 ಮಾತ್ರೆ ಬೇಕು. ಮೊಳಕೆ ಕಾಳಿನ ಜೊತೆ ಆ ಮಾತ್ರೆಯನ್ನೂ ಯೋಜನೆಯೇ ಕೊಡುವುದು ನ್ಯಾಯ.

ಡಿಎಚ್‌ಎ ಈ ತಟ್ಟೆಯಲ್ಲಿ ಮೊಟ್ಟೆಯ ಹಳದಿಯಲ್ಲಿರುವಷ್ಟೇ. ಬೂತಾಯಿ, ಬಂಗುಡೆ ತಿನ್ನುವ ಕರಾವಳಿಯವರಿಗೆ ಅದು ಮನೆಯಲ್ಲೇ ಸಿಗುತ್ತದೆ. ಅಗಸೆ ಚಟ್ನಿಪುಡಿ ಒಳ್ಳೆಯ ಆಹಾರವೇ, ಆದರೆ ಅದರ ಕೊಬ್ಬು ದೇಹದಲ್ಲಿ ಡಿಎಚ್‌ಎ ಆಗಿ ಬದಲಾಗುವುದು ಬಹಳ ಸ್ವಲ್ಪ. ಉಪ್ಪು ಅಯೋಡಿನ್ ಸೇರಿದ್ದೇ ಆಗಿತ್ತು. ಡಬ್ಬಿಯನ್ನು ಮುಚ್ಚಿ ಒಲೆಯಿಂದ ದೂರ ಇಟ್ಟಿದ್ದರು.

ಸೇವೆಯ ವಿಷಯದಲ್ಲಿ ತೊಡಕಿರುವುದು ನಡೆದು ಬರುವುದರಲ್ಲಿ. ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ತಿಂಗಳುಗಳಲ್ಲೇ ಬಾಣಂತಿ ಹೊಸ್ತಿಲು ದಾಟುವುದಿಲ್ಲ. ಬುತ್ತಿ ಮನೆಗೆ ಹೋದರೆ ಪಾಲಾಗುತ್ತದೆ. "ಇಲ್ಲೇ ಉಂಡ್ಕೊಂಡು ಹೋಗಮ್ಮ, ಮನೇಗ್ ತಗೊಂಡೋದ್ರೆ ಮೊಟ್ಟೆ ನಿನ್ ಬಾಯಿಗ್ ಬರಲ್ಲ," ಎಂದು ಅಲ್ಲಿನ ಕಾರ್ಯಕರ್ತೆ ಒಬ್ಬ ಬಾಣಂತಿಗೆ ಹೇಳುತ್ತಿದ್ದರು. ಹಸಿ ಬಾಣಂತಿಯರ ಮನೆಗೆ ಸಹಾಯಕಿಯೇ ಡಬ್ಬಿ ಒಯ್ದು, ಅವರು ಉಣ್ಣುವವರೆಗೆ ಕೂತು ಬರುವಷ್ಟು ಸಿಬ್ಬಂದಿ, ಸಮಯ ಎರಡೂ ಬೇಕು. ಆರು ತಿಂಗಳಿಗೆ ಊಟ ನಿಲ್ಲುವುದೂ ಸರಿಯಲ್ಲ, ಏಕೆಂದರೆ ಎರಡು ವರ್ಷದವರೆಗೂ ಹಾಲೂಡಿಸಿ ಎಂದು ಹೇಳುವುದು ಅದೇ ಅಂಗನವಾಡಿ.

ಇಷ್ಟಾದರೂ ಬಾಣಂತಿಯರಿಗೆ ಇದನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ತವರಿಗೆ ಬಂದವರು ತಾಯಿ ಕಾರ್ಡ್ ಹಿಡಿದು ಅಲ್ಲಿನ ಅಂಗನವಾಡಿಯಲ್ಲಿ ವಿಚಾರಿಸಲಿ, ಮತ್ತು ಮೊಟ್ಟೆ ತಿನ್ನದವರು ಮೊದಲ ಭೇಟಿಯಲ್ಲೇ ಬಿ12 ಬಗ್ಗೆ ವೈದ್ಯರನ್ನು ಕೇಳಲಿ.