ಮೇಘದೂತ್ ಆ್ಯಪ್: ಕೊಳೆಮದ್ದಿನ ದಿನ ಗೊತ್ತುಮಾಡಲು ಎಷ್ಟು ನಂಬಬಹುದು?

ಶಿರಸಿ ಸೀಮೆಯ ಅಡಿಕೆ ತೋಟದವರಿಗೆ ಈ ಆ್ಯಪ್‌ನಿಂದ ಮುಖ್ಯ ಉಪಯೋಗ ಒಂದೇ: ಅಡಿಕೆಯ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ, ಅಂದರೆ ಕೊಳೆಮದ್ದು ಹೊಡೆಯಲು ಮಳೆ ಹೊಳವಾಗುವ ದಿನ ಹುಡುಕುವುದು. ಆ ಕೆಲಸಕ್ಕೆ 5ಕ್ಕೆ 3 ಅಂಕ.

ಭಾರತೀಯ ಹವಾಮಾನ ಇಲಾಖೆಯ ಈ ಆ್ಯಪ್ 2019ರಲ್ಲಿ ಬಂದದ್ದು. ಫೋನ್ ನಂಬರ್ ಕೊಟ್ಟು ಜಿಲ್ಲೆ, ತಾಲೂಕು ಆರಿಸಿದರೆ ಮುಂದಿನ 5 ದಿನದ ಮಳೆ, ಉಷ್ಣಾಂಶ, ತೇವಾಂಶ, ಗಾಳಿ, ಮೋಡ ತೋರಿಸುತ್ತದೆ. ಬೆಳೆ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ, ಕನ್ನಡದಲ್ಲೂ ಇದೆ.

ಮಿಲಿಮೀಟರ್ ಲೆಕ್ಕ ಹಿಡಿದು ಕೂರಬೇಡಿ, ಐದು ದಿನದ ಏರಿಳಿತ ನೋಡಿ. ಇಡೀ ತಾಲೂಕಿಗೆ ಒಂದೇ ಅಂಕಿ ಇರುವುದರಿಂದ ದೇವಿಮನೆ ಘಟ್ಟದ ಬದಿಗೆ ಜಡಿ ಹಿಡಿದಿದ್ದರೂ ಬನವಾಸಿ ಕಡೆ ಬಿಸಿಲಿರಬಹುದು. ನಿಮ್ಮ ಹೋಬಳಿಯ ವಿಷಯವನ್ನು ರಾಜ್ಯದ ಹವಾಮಾನ ಸಹಾಯವಾಣಿ ವರುಣ ಮಿತ್ರಕ್ಕೆ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಮೊದಲ ಮದ್ದು ಮಳೆಗಾಲ ಹಿಡಿಯುವ ಮುಂಚೆ. ಅದಕ್ಕೆ ಆ್ಯಪ್ ಬೇಕೆಂದೇ ಇಲ್ಲ. ತಲೆನೋವು 40–45 ದಿನ ಬಿಟ್ಟು ಹೊಡೆಯುವ ಎರಡನೆಯದ್ದು. ಮುನ್ಸೂಚನೆ ನಂಬಿ ಕೊನೆಗೌಡನನ್ನು (ಮರ ಹತ್ತಿ ಮದ್ದು ಹೊಡೆಯುವವನನ್ನು) ಕರೆದು, ಬೆಳಿಗ್ಗೆ ಮಳೆ ಸುರಿದರೆ ಕೂಲಿಯ ಜೊತೆ ಕೂಡಿಸಿಟ್ಟ ಮದ್ದೂ ಹಾಳು, ಏಕೆಂದರೆ ಬೋರ್ಡೋ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಹಾಗಾಗಿ ಹಿಂದಿನ ಸಂಜೆ 1 ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಲ್ಲಿ, 1 ಕೆಜಿ ಸುಣ್ಣವನ್ನು ಬೇರೆ 50 ಲೀಟರಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲೇ ಕರಗಿಸಿಡಿ. ಬೇರೆಬೇರೆ ಇದ್ದಷ್ಟು ಹೊತ್ತು ಕೆಡುವುದಿಲ್ಲ. ಬೆಳಿಗ್ಗೆ ಆಕಾಶ ನೋಡಿಯೇ ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ತಿಕ್ಕಿ ಬೆಳಗಿದ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ.

ಮುನ್ಸೂಚನೆಯೊಂದೇ ಸಾಲದು ಎಂಬುದನ್ನು ಸಂಶೋಧನೆಯೂ ಹೇಳುತ್ತದೆ. ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ಎಸ್‌ಎಂಎಸ್ ಮೂಲಕ ಹವಾಮಾನ, ಧಾರಣೆ, ಬೆಳೆ ಸಲಹೆ ಕಳಿಸಿ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಸಿಕ್ಕ ಬೆಲೆಯಲ್ಲಾಗಲಿ, ಮಳೆಯಿಂದಾದ ಬೆಳೆಹಾನಿಯಲ್ಲಾಗಲಿ ಎದ್ದು ಕಾಣುವ ವ್ಯತ್ಯಾಸ ಬರಲಿಲ್ಲ. ಮಾಹಿತಿ ಮುಟ್ಟಿದರೂ ಅದರ ಮೇಲೆ ಮಾಡಬಹುದಾದ ಕೆಲಸ ಕೈಗೆಟುಕಬೇಕಲ್ಲ! ಕೊನೆಗೌಡ ಬಿಡುವಿಲ್ಲ ಅಂದರೆ ಯಾವ ಆ್ಯಪ್ ಏನು ಮಾಡೀತು?

ಜೊತೆಗೆ ದಾಮಿನಿ ಆ್ಯಪ್ ಹಾಕಿಕೊಳ್ಳಿ. ನೀವಿರುವ ಜಾಗದಿಂದ 20 ಮತ್ತು 40 ಕಿ.ಮೀ. ದೂರದೊಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ನೆಲದಲ್ಲೇ ನಿಂತು ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ. ಎಚ್ಚರಿಕೆ ಬಂದರೆ ದೋಟಿ ಇಳಿಸಿಟ್ಟು ತೋಟದಿಂದ ಮನೆಯೊಳಗೆ ಬನ್ನಿ, ಅರ್ಧ ಬ್ಯಾರಲ್ ಉಳಿದಿದ್ದರೂ ಸರಿ.