ಚೈನು ಮಸೆಯುವವರು ಬೇಕಷ್ಟು, ಬಾರ್ ನೋಡುವವರು ಇಲ್ಲಿದ್ದಾರೆ

ಶಿರಸಿಯಲ್ಲಿ ಮರ ಕೊಯ್ಯುವ ಚೈನ್ ಸಾ ಮಸೆದು ಕೊಡುವ ಅಂಗಡಿಗೆ ಬರಗಾಲ ಇಲ್ಲ. ಆದರೆ ಬಾರ್, ಅಂದರೆ ಚೈನು ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿ, ಅದನ್ನು ಬಿಚ್ಚಿ ನೋಡುವವರು ಕಡಿಮೆ. ಮಾರಿಗುಡಿಯಿಂದ ತುಸು ಆಚೆ ಇರುವ ಈ ಸಣ್ಣ ರಿಪೇರಿ ಅಂಗಡಿ ನನಗೆ ಹಿಡಿಸಿದ್ದು ಅದಕ್ಕೇ.

ನನ್ನ ಮಷಿನ್ ದಿಮ್ಮಿಯಲ್ಲಿ ಅರ್ಧ ಇಳಿಯುವಷ್ಟರಲ್ಲಿ ಬಲಕ್ಕೆ ಎಳೆಯುತ್ತಿತ್ತು. ಅಕೇಶಿಯಾ ತುಂಡನ್ನು ನೆಲದ ಮೇಲೆ ನಿಲ್ಲಿಸಿದರೆ ಓರೆ ನಿಲ್ಲುತ್ತಿತ್ತು. ಬೇರೊಂದು ಕಡೆ ಚೈನನ್ನು ಗ್ರೈಂಡರಿಗೆ ಹಿಡಿಸಿದ್ದೆ. ಹಲ್ಲೇನೋ ಚೂಪಾಯಿತು, ಓರೆ ಮಾತ್ರ ಹೋಗಲಿಲ್ಲ.

ಇಲ್ಲಿಯ ಮೆಕ್ಯಾನಿಕ್ ಚೈನನ್ನು ತೆಗೆದು ಪಕ್ಕಕ್ಕಿಟ್ಟರು. ಬಾರನ್ನು ಒಂದು ದಪ್ಪ ಗಾಜಿನ ಮೇಲೆ ಅಂಚಿನ ಮೇಲೆ ನಿಲ್ಲಿಸಿದರು. ಅದು ಪಕ್ಕಕ್ಕೆ ವಾಲಿತು. “ನೋಡಿ ಮಾರಾಯ್ರೆ, ಒಂದು ಅಂಚು ಸವೆದು ಹೋಗಿದೆ. ಚೈನು ನೆಟ್ಟಗೆ ಕೂರೋದು ಹೇಗೆ?” ಎಂದರು. ಚಪ್ಪಟೆ ಫೈಲನ್ನು ಬಾರಿಗೆ ಸರಿಯಾಗಿ 90 ಡಿಗ್ರಿ ಹಿಡಿದು ಎರಡೂ ಅಂಚು ಸಮ ಮಾಡಿದರು. ಬದಿಗೆ ಎದ್ದಿದ್ದ ಸಿಬಿರನ್ನೂ ತೆಗೆದರು. ಬಾರಿನ ಸಂದಿಯಲ್ಲಿ ಮರದ ಪುಡಿ, ಎಣ್ಣೆ ಸೇರಿ ಗಟ್ಟಿಯಾಗಿತ್ತು. ಎಣ್ಣೆ ಬರುವ ತೂತು ಅರ್ಧ ಮುಚ್ಚಿತ್ತು. ತಂತಿ ಹಾಕಿ ಎಲ್ಲ ಕೆರೆದರು. ಸಂದಿಯೇ ಅಗಲವಾಗಿ ಚೈನು ಅತ್ತಿತ್ತ ಆಡುತ್ತಿದ್ದರೆ ಹೊಸ ಬಾರೇ ಗತಿಯಂತೆ. ನನ್ನದು ಅಲ್ಲಿವರೆಗೆ ಹೋಗಿರಲಿಲ್ಲ.

ಹಲ್ಲಿಗೆ ಇವರದು ಕೈಫೈಲೇ. ನನ್ನದು 3/8 ಇಂಚಿನ ಲೋ ಪ್ರೊಫೈಲ್ (ತಗ್ಗು ಹಲ್ಲಿನ) ಚೈನು, ಅದಕ್ಕೆ 4 ಮಿ.ಮೀ. ರೌಂಡ್ ಫೈಲು, 30 ಡಿಗ್ರಿ ಕೋನ. ಎಲ್ಲಕ್ಕಿಂತ ಗಿಡ್ಡ ಹಲ್ಲು ಹುಡುಕಿ ಗುರುತು ಹಾಕಿ, ಉಳಿದವನ್ನು ಅದರ ಅಳತೆಗೆ ತಂದರು. ಒಂದು ಬದಿಯ ಹಲ್ಲು ಉದ್ದ, ಇನ್ನೊಂದು ಬದಿಯದು ಗಿಡ್ಡ ಇದ್ದರೂ ಮಷಿನ್ ಓರೆ ಹೋಗುತ್ತದೆ, ಅಲ್ವಾ. ಹಲ್ಲಿನ ಮುಂದಿರುವ ಸಣ್ಣ ದಿಬ್ಬ ಹಲ್ಲಿಗಿಂತ 0.65 ಮಿ.ಮೀ. ತಗ್ಗಿದೆಯೇ ಎಂದು ಗೇಜ್ ಇಟ್ಟು ನೋಡಿದ್ದು ನನಗೆ ತುಂಬಾ ಇಷ್ಟವಾಯಿತು. ಜಾಸ್ತಿ ತಗ್ಗಿಸಿದರೆ ಮಷಿನ್ ಮರಕ್ಕೆ ಕಚ್ಚಿಕೊಂಡು ಹಾರುತ್ತದೆ.

ತಕರಾರೂ ಇದೆ. ಕೂರಲು ಜಾಗ ಇಲ್ಲ. ಮಳೆಗಾಲದ ಕಟ್ಟಿಗೆ ಕೊಯ್ಯುವ ಹೊತ್ತಿಗೆ ಹೋದರೆ ಮಷಿನ್ ಬಿಟ್ಟೇ ಬರಬೇಕು. ಅವಸರ ಮಾಡಿದರೆ ಸುಮ್ನೆ ವಾಪಸ್ ಕೊಟ್ಟುಬಿಡುತ್ತಾರೆ. ಚೈನಿಗೆ ಎಣ್ಣೆ ಹಾಕುವ ಟ್ಯಾಂಕಿನಲ್ಲಿ ಸುಟ್ಟ ಇಂಜಿನ್ ಎಣ್ಣೆ ಕಂಡರಂತೂ ಬೈಗುಳ ಖಚಿತ.

ಈಗ ತುಂಡು ನೆಟ್ಟಗೆ ಬೀಳುತ್ತಿದೆ. ಪ್ರತಿ ಸಲ ಮಸೆದಾಗ ಬಾರನ್ನು ಮೇಲೆ ಕೆಳಗೆ ತಿರುವಿ ಹಾಕಲು ಹೇಳಿದ್ದಾರೆ, ಎರಡೂ ಅಂಚು ಸಮ ಸವೆಯಲಿ ಎಂದು. ಹೋಗುವವರು ಬರೀ ಚೈನು ಜೇಬಿಗೆ ಹಾಕಿಕೊಂಡು ಹೋಗಬೇಡಿ, ಬಾರೂ ಒಯ್ಯಿರಿ.